ಸಂಜೆ ಮನೆಗೆ ಹೋಗುವ ರೋಗಿ

ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್‌ಟನ್ ಊರಿನ ಹೊರಗೆ 1935ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಒಂದು ವಿಚಿತ್ರ ಆಸ್ಪತ್ರೆ ತೆರೆಯಿತು. ಸುತ್ತ ಸಾವಿರ ಎಕರೆ ಜಮೀನು, ಹಸುಗಳ ಕೊಟ್ಟಿಗೆ, ಹೊಲಿಗೆಯ ಕೋಣೆ, ಮರಗೆಲಸದ ಶೆಡ್ಡು. ಒಳಗಿದ್ದವರೆಲ್ಲ ಹೆರಾಯಿನ್, ಮಾರ್ಫಿನ್ ಚಟಕ್ಕೆ ಬಿದ್ದವರು. ಕೆಲವರು ಶಿಕ್ಷೆಯಾಗಿ ಬಂದ ಕೈದಿಗಳು, ಉಳಿದವರು ತಾವಾಗಿಯೇ ಬಂದು ಸೇರಿದವರು. ಜನ ಅದಕ್ಕೆ ‘ನಾರ್ಕೋಟಿಕ್ ಫಾರ್ಮ್’ ಎಂದೇ ಹೆಸರಿಟ್ಟಿದ್ದರು. ಜಾಝ್ ಸಂಗೀತದ ದೊಡ್ಡ ಹೆಸರು ಸನ್ನಿ ರೋಲಿನ್ಸ್ ಕೂಡ ಐವತ್ತರ ದಶಕದಲ್ಲಿ ಅಲ್ಲಿದ್ದು ಬಂದವರು. ಇಡೀ ಏರ್ಪಾಡಿನ ಹಿಂದಿದ್ದ ನಂಬಿಕೆ ಸರಳ: ಪೇಟೆಯ ಗಲ್ಲಿ ಮನುಷ್ಯನನ್ನು ಕೆಡಿಸಿದೆ, ಅಲ್ಲಿಂದ ಎತ್ತಿ ತಂದು ಹೊಲದಲ್ಲಿ ದುಡಿಸಿ, ಹಾಲು ಕುಡಿಸಿ, ಒಳ್ಳೆಯ ಗಾಳಿಯಲ್ಲಿಟ್ಟರೆ ಸರಿಹೋಗುತ್ತಾನೆ.

ಸರಿಹೋಗುತ್ತಿದ್ದರು ಕೂಡ. ಮೈತುಂಬಿಕೊಂಡು, ಕಣ್ಣಿನಲ್ಲಿ ಕಳೆ ತುಂಬಿಕೊಂಡು, ತಿಂಗಳುಗಟ್ಟಲೆ ಒಂದು ಚುಚ್ಚುಮದ್ದನ್ನೂ ಮುಟ್ಟದೆ ಇರುತ್ತಿದ್ದರು. ಆಮೇಲೆ ರೈಲು ಹತ್ತಿ ನ್ಯೂಯಾರ್ಕಿಗೆ ಮರಳುತ್ತಿದ್ದರು. ಹಾಗೆ ಮರಳಿದವರನ್ನು ಹುಡುಕಿ ವಿಚಾರಿಸಿದ ಅಧ್ಯಯನವೊಂದು 1962ರಲ್ಲಿ ಪ್ರಕಟವಾಯಿತು. ಹತ್ತರಲ್ಲಿ ಒಂಬತ್ತು ಮಂದಿ ಮತ್ತೆ ಸೂಜಿ ಹಿಡಿದಿದ್ದರು, ಅವರಲ್ಲಿ ಹೆಚ್ಚಿನವರು ಮೊದಲ ಆರು ತಿಂಗಳೊಳಗೇ.

ಲೆಕ್ಸಿಂಗ್‌ಟನ್‌ನಲ್ಲಿ ಏಬ್ರಹಾಂ ವಿಕ್ಲರ್ ಎಂಬ ಸಂಶೋಧಕ ವೈದ್ಯರಿದ್ದರು. ಅವರ ಕಿವಿಗೆ ಒಂದು ಮಾತು ಮತ್ತೆ ಮತ್ತೆ ಬೀಳುತ್ತಿತ್ತು. ಬಿಟ್ಟು ಎಷ್ಟೋ ಕಾಲವಾದ ರೋಗಿ ತನ್ನ ಹಳೆಯ ಕೇರಿಗೆ ಕಾಲಿಟ್ಟ ಕೂಡಲೇ ಮೂಗು ಸೋರುತ್ತದೆ, ಮೈ ನವಿರೇಳುತ್ತದೆ, ಹೊಟ್ಟೆ ಹಿಂಡುತ್ತದೆ. ಎಂದರೆ, ಮದ್ದು ಬಿಟ್ಟ ಮೊದಲ ವಾರದಲ್ಲಿ ಆಗುವ ಯಾತನೆ. ಆಸ್ಪತ್ರೆಯೊಳಗೇ ಗುಂಪಿನಲ್ಲಿ ಕೂತು ಹೆರಾಯಿನ್ ಬಗ್ಗೆ ಮಾತು ಶುರುವಾದರೆ ಸಾಕು, ಕೆಲವರು ಆಕಳಿಸಿ ಮೂಗೊರೆಸಿಕೊಳ್ಳುವುದನ್ನು ವಿಕ್ಲರ್ ಕಣ್ಣಾರೆ ಕಂಡಿದ್ದರು. ರಕ್ತದಲ್ಲಿ ಮದ್ದಿನ ಸುಳಿವಿಲ್ಲ, ಆದರೂ ದೇಹ ಮದ್ದಿಗಾಗಿ ಪರದಾಡುತ್ತಿದೆ. ಪಾವ್ಲೋವನ ನಾಯಿ ಊಟದ ಗಂಟೆಯ ಸದ್ದಿಗೇ ಜೊಲ್ಲು ಸುರಿಸಿದ ಹಾಗೆಯೇ ಇದು, ಕೇರಿಯೇ ಇಲ್ಲಿ ಗಂಟೆ ಎಂದು ಅವರು 1948ರಷ್ಟು ಹಿಂದೆಯೇ ವಾದಿಸಿದರು. ಆ ಕಾಲದ ಮನೋವೈದ್ಯರು ಚಟವನ್ನು ವ್ಯಕ್ತಿತ್ವದ ದೋಷವೆಂದು ತಿಳಿದಿದ್ದರು. ವಿಕ್ಲರ್ ಮಾತು ಬಹಳ ಜನಕ್ಕೆ ರುಚಿಸಲಿಲ್ಲ.

ಲೆಕ್ಸಿಂಗ್‌ಟನ್‌ಗೆ ತೀರ ವಿರುದ್ಧವಾದ ಪ್ರಯೋಗವನ್ನು ಯಾರೂ ಯೋಜಿಸದೆಯೇ ಒಂದು ಯುದ್ಧ ನಡೆಸಿಕೊಟ್ಟಿತು. 1971ರ ಹೊತ್ತಿಗೆ ವಿಯೆಟ್ನಾಂನಲ್ಲಿದ್ದ ಅಮೆರಿಕನ್ ಸೈನಿಕರಿಗೆ ಹೆರಾಯಿನ್ ಅಗ್ಗವಾಗಿ, ಶುದ್ಧವಾಗಿ, ಬೀದಿಯಲ್ಲೇ ಸಿಗುತ್ತಿತ್ತು. ಚಟ ಹತ್ತಿದ ಸಾವಿರಾರು ಹುಡುಗರು ಊರಿಗೆ ಮರಳಿದರೆ ಗತಿಯೇನು ಎಂದು ನಿಕ್ಸನ್ ಸರ್ಕಾರ ಬೆಚ್ಚಿತು. ವಿಮಾನ ಹತ್ತುವ ಮುನ್ನ ಮೂತ್ರ ಪರೀಕ್ಷೆ ಕಡ್ಡಾಯವಾಯಿತು. ಮರಳಿದವರ ಬೆನ್ನುಹತ್ತಿ ಸಮೀಕ್ಷೆ ಮಾಡುವ ಕೆಲಸ ಲೀ ರಾಬಿನ್ಸ್ ಎಂಬ ಸಮಾಜವಿಜ್ಞಾನಿಗೆ ಬಂತು. ಹೆಚ್ಚುಕಡಿಮೆ ಐವರು ಸೈನಿಕರಲ್ಲಿ ಒಬ್ಬ ತನಗೆ ಅಲ್ಲಿ ಚಟ ಅಂಟಿತ್ತೆಂದು ಒಪ್ಪಿಕೊಂಡ. ಹಾಗೆ ಒಪ್ಪಿಕೊಂಡವರಲ್ಲಿ ತಾಯ್ನಾಡಿಗೆ ಬಂದ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ ಐದು ಮಂದಿಯಷ್ಟೇ. ಬಹುಪಾಲು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಈ ಅಂಕಿಯನ್ನು ಮೊದಮೊದಲು ಯಾರೂ ನಂಬಲಿಲ್ಲ, ರಾಬಿನ್ಸ್ ವರ್ಷಗಟ್ಟಲೆ ಸಮಜಾಯಿಷಿ ಕೊಡಬೇಕಾಯಿತು.

ಲೆಕ್ಸಿಂಗ್‌ಟನ್‌ನಿಂದ ಹೊರಟವರು ಮದ್ದು ಕಲಿತ ಊರಿಗೇ ವಾಪಸಾದರು. ವಿಯೆಟ್ನಾಂನಿಂದ ಹೊರಟವರು ಮದ್ದು ಕಲಿತ ಊರನ್ನೇ ಬಿಟ್ಟು ಬಂದರು. ವ್ಯತ್ಯಾಸ ಇಷ್ಟೇ ಎಂದು ಹೇಳಿಬಿಟ್ಟರೆ ಕಥೆ ಸೊಗಸಾಗುತ್ತದೆ, ಪೂರ್ತಿ ನಿಜವಾಗುವುದಿಲ್ಲ. ಸೈನಿಕರು ಎಳೆಯರು, ಬಹಳಷ್ಟು ಮಂದಿ ಹೆರಾಯಿನ್ನನ್ನು ಚುಚ್ಚಿಕೊಳ್ಳದೆ ಸೇದುತ್ತಿದ್ದರು, ಅಮೆರಿಕದಲ್ಲಿ ಅದು ದುಬಾರಿಯೂ ಆಗಿತ್ತು. ಆದರೂ ಚಟ ಎಂಬುದು ಮನುಷ್ಯನ ಚರ್ಮದೊಳಗೆ ಮಾತ್ರ ಇರುವ ವಸ್ತುವಲ್ಲ, ಅವನು ನಡೆದಾಡುವ ದಾರಿಯಲ್ಲೂ ಅದರ ಒಂದು ಪಾಲು ಇದೆ ಎಂಬ ಅನುಮಾನಕ್ಕೆ ಇಲ್ಲಿಂದ ಬಲ ಬಂತು.

ಅನುಮಾನವನ್ನು ಪರೀಕ್ಷಿಸಲು ಇಲಿಗಳು ಬೇಕಾದವು. ಕೆನಡಾದ ಶೆಪರ್ಡ್ ಸೀಗಲ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಪ್ರಯೋಗ ಓದಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಇಲಿಗಳಿಗೆ ಒಂದೇ ಕೋಣೆಯಲ್ಲಿ ದಿನ ಬಿಟ್ಟು ದಿನ ಹೆರಾಯಿನ್ ಕೊಟ್ಟು, ಪ್ರಮಾಣವನ್ನು ಮೆಲ್ಲಗೆ ಏರಿಸಿ ಅಭ್ಯಾಸ ಮಾಡಿಸಿದರು. ಕೊನೆಗೊಂದು ದಿನ ಎಲ್ಲಕ್ಕೂ ಭಾರಿ ಡೋಸು. ಅರ್ಧದಷ್ಟು ಇಲಿಗಳಿಗೆ ಎಂದಿನ ಕೋಣೆಯಲ್ಲಿ, ಉಳಿದವಕ್ಕೆ ಬೇರೊಂದು ಕೋಣೆಯಲ್ಲಿ. ಎಂದಿನ ಕೋಣೆಯಲ್ಲಿ ಸತ್ತವು ಶೇಕಡಾ 32. ಹೊಸ ಕೋಣೆಯಲ್ಲಿ ಸತ್ತವು ಶೇಕಡಾ 64. ಅದೇ ಮದ್ದು, ಅದೇ ತೂಕ, ಅದೇ ಅಭ್ಯಾಸ. ಬದಲಾದದ್ದು ಜಾಗ ಮಾತ್ರ.

ಸೀಗಲ್ ಕೊಟ್ಟ ವಿವರಣೆ ಹೀಗಿದೆ. ಹೆರಾಯಿನ್ ಉಸಿರಾಟವನ್ನು ತಗ್ಗಿಸುತ್ತದೆ. ದೇಹ ಅದನ್ನು ಸುಮ್ಮನೆ ಸಹಿಸಿಕೊಂಡು ಕೂರುವುದಿಲ್ಲ. ಮದ್ದು ಬರುವ ಮುನ್ಸೂಚನೆ ಸಿಕ್ಕ ಕೂಡಲೇ ಎದುರು ದಿಕ್ಕಿಗೆ ಎಳೆಯಲು ತಯಾರಾಗುತ್ತದೆ. ಆ ಮುನ್ಸೂಚನೆಯೆಂದರೆ ಕೋಣೆಯ ವಾಸನೆ, ಸದ್ದು, ಬೆಳಕು. ಮುನ್ಸೂಚನೆಯಿಲ್ಲದ ಹೊಸ ಜಾಗದಲ್ಲಿ ಮದ್ದು ಬಂದರೆ ಕಾವಲುಗಾರನೇ ಇಲ್ಲದ ಸ್ಥಿತಿ, ಇಲಿ ಸಾಯುತ್ತದೆ. ಮುನ್ಸೂಚನೆ ಬಂದು ಮದ್ದು ಬಾರದಿದ್ದರೆ? ಎದುರೆಳೆತ ಮಾತ್ರ ಉಳಿಯುತ್ತದೆ. ವಿಕ್ಲರ್ ಕಂಡ ಸೋರುವ ಮೂಗು, ನವಿರೆದ್ದ ಮೈ ಅದೇ. ಬೆಂಗಳೂರಿನ ಎಂಆರ್‌ಪಿ ಅಂಗಡಿಯ ಮುಂದೆ ಬಸ್ಸು ನಿಂತಾಗ, ಕುಡಿತ ಬಿಟ್ಟು ತಿಂಗಳಾದವನ ಬಾಯಲ್ಲಿ ನೀರೂರಿ, ಎದೆ ಡವಗುಟ್ಟುವುದೂ ಅದೇ ಜಾತಿಯದು.

ಇದರ ಜೊತೆಗೆ ಇನ್ನೆರಡು ಸಂಗತಿ ಸೇರಿಸಿ ನೋಡಬೇಕು. ವರ್ಮಾಂಟ್ ವಿಶ್ವವಿದ್ಯಾಲಯದ ಮಾರ್ಕ್ ಬೌಟನ್ ದಶಕಗಳ ಕಾಲ ತೋರಿಸಿದ್ದು ಇದು: ಒಂದು ಪೆಟ್ಟಿಗೆಯಲ್ಲಿ ಕಲಿತ ಅಭ್ಯಾಸವನ್ನು ಇಲಿ ಇನ್ನೊಂದು ಪೆಟ್ಟಿಗೆಯಲ್ಲಿ ಮರೆತಂತೆ ಕಂಡರೂ, ಮೊದಲ ಪೆಟ್ಟಿಗೆಗೆ ಮರಳಿಸಿದ ಕೂಡಲೇ ಅಭ್ಯಾಸ ಮೇಲೆದ್ದು ಬರುತ್ತದೆ. ಮರೆವು ಎಂಬುದು ಹಳೆಯ ಗೋಡೆಬರಹದ ಮೇಲೆ ಹೊಡೆದ ಸುಣ್ಣ, ಬರಹ ಕೆಳಗೆ ಹಾಗೇ ಇರುತ್ತದೆ. ಇನ್ನೊಂದು, 2001ರಲ್ಲಿ ಜೆಫ್ ಗ್ರಿಮ್, ಯಾವಿನ್ ಶಹಾಂ ಮುಂತಾದವರು ಕೊಕೇನ್ ಚಟದ ಇಲಿಗಳಲ್ಲಿ ಕಂಡದ್ದು. ಮದ್ದು ನಿಲ್ಲಿಸಿದ ಮೊದಲ ದಿನಕ್ಕಿಂತ ಒಂದೆರಡು ತಿಂಗಳ ನಂತರ, ಮದ್ದಿನ ಸಂಕೇತ ಕಂಡಾಗ ಅವು ಹಿಂದೆ ಮದ್ದಿಗಾಗಿ ಒತ್ತುತ್ತಿದ್ದ ಸನ್ನೆಗೋಲನ್ನು ಇನ್ನೂ ಹೆಚ್ಚು ಒತ್ತಿದವು. ತುಡಿತ ಕಾಲ ಕಳೆದಂತೆ ಆರುತ್ತದೆ ಎಂಬುದು ನಮ್ಮೆಲ್ಲರ ಲೋಕರೂಢಿ. ಆ ಪಂಜರಗಳಲ್ಲಿ ಅದು ಮಾಗುತ್ತ ಹೋಯಿತು.

ಈಗ ನಮ್ಮ ಊರುಗಳ ಹೊರರೋಗಿ ವಿಭಾಗದ ಮುಂದೆ ದಿನವೂ ಕೇಳುವ ಮಾತಿಗೆ ಬರೋಣ. “ಅಡ್ಮಿಟ್ ಮಾಡ್ಕೊಳ್ಳಿ ಸಾರ್. ಮೂರು ತಿಂಗಳು ಒಳಗೇ ಇಟ್ಕೊಳ್ಳಿ. ಎಷ್ಟಾದ್ರೂ ಆಗ್ಲಿ.” ಹೇಳುವವಳು ಹೆಂಡತಿ, ಇಲ್ಲವೇ ಅಣ್ಣ. ಅವರ ಬಗ್ಗೆ ಹಗುರವಾಗಿ ಮಾತಾಡಬಾರದು. ಮೂರು ತಿಂಗಳು ಮನೆಯಲ್ಲಿ ಎಲ್ಲರಿಗೂ ನಿದ್ದೆ ಬರುತ್ತದೆ ಎಂಬುದೇ ದೊಡ್ಡ ವಿಷಯ. ಆದರೆ ಮೇಲಿನ ಇಲಿಗಳನ್ನು ನೆನಪಿಟ್ಟುಕೊಂಡು ನೋಡಿದರೆ ಮೂರು ತಿಂಗಳ ಗೋಡೆಯೊಳಗಿನ ವಾಸ ಏನು ಮಾಡುತ್ತದೆ? ದೇಹದ ತಾಳಿಕೆಯನ್ನು ಇಳಿಸುತ್ತದೆ, ತುಡಿತವನ್ನು ಮುಟ್ಟದೆ ಬಿಡುತ್ತದೆ, ಕಲಿಸಿದ ಪಾಠವನ್ನು ಆ ಗೋಡೆಗಳಿಗೇ ಅಂಟಿಸುತ್ತದೆ. ಹೆರಾಯಿನ್‌ನಂಥ ಮದ್ದಾದರೆ ಇಳಿದ ತಾಳಿಕೆ, ಇಳಿಯದ ತುಡಿತ ಎಂಬ ಜೋಡಿ ಕೊಲ್ಲುತ್ತದೆ. ಅಮೆರಿಕದ ವಾಷಿಂಗ್‌ಟನ್ ರಾಜ್ಯದ ಜೈಲುಗಳಿಂದ ಬಿಡುಗಡೆಯಾದ 30,000ಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿದ 2007ರ ಅಧ್ಯಯನದಲ್ಲಿ, ಹೊರಬಂದ ಮೊದಲ ಎರಡು ವಾರಗಳಲ್ಲಿ ಮದ್ದಿನ ಅತಿಸೇವನೆಯಿಂದ ಸಾಯುವ ಅಪಾಯ ಉಳಿದ ಜನರಿಗಿಂತ 129 ಪಟ್ಟು ಹೆಚ್ಚಿತ್ತು. ಹಳೆಯ ಹಸಿವು, ಹಳೆಯ ಡೋಸು, ಹೊಸದಾಗಿ ಎಳೆಯದಾದ ದೇಹ.

ಹಾಗಾದರೆ ರೋಗಿಯನ್ನು ದಾರಿಯಿಂದ ಎತ್ತದೆ, ದಾರಿಯಲ್ಲೇ ಬಿಟ್ಟು ಚಿಕಿತ್ಸೆ ಕೊಟ್ಟರೆ? ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿಸಿದ್ದು ಪ್ರಯೋಗಾಲಯವಲ್ಲ, ಲಾಸ್ ಏಂಜಲೀಸ್ ನಗರದ ಕೊಕೇನ್. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ಚಿಕಿತ್ಸೆಗೆ ಬರುತ್ತಿದ್ದವರಲ್ಲಿ ಕೆಲಸವಿದ್ದವರು, ಸಂಸಾರವಿದ್ದವರು ಬಹಳ. ಆಗ ಪ್ರಚಲಿತವಿದ್ದದ್ದು ಮದ್ಯಪಾನಿಗಳಿಗೆಂದು ರೂಪಿಸಿದ 28 ದಿನಗಳ ಆಸ್ಪತ್ರೆವಾಸ. ಕೊಕೇನ್ ಬಿಟ್ಟವರಿಗೆ ಮೊದಲ ದಿನಗಳಲ್ಲಿ ಜೀವಾಪಾಯದ ಲಕ್ಷಣಗಳು ಸಾಮಾನ್ಯವಾಗಿ ಇರುವುದಿಲ್ಲ, ಅವರಿಗೆ ಹಾಸಿಗೆಯ ಅಗತ್ಯ ಅಷ್ಟಿಲ್ಲ. ಅವರಿಗೆ ಬೇಕಾದದ್ದು ಸಂಬಳದ ದಿನ ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಬದುಕುಳಿಯುವ ವಿದ್ಯೆ. ಮನಶ್ಶಾಸ್ತ್ರಜ್ಞ ರಿಚರ್ಡ್ ರಾಸನ್ ಮತ್ತು ಜೊತೆಗಾರರು 1984ರಲ್ಲಿ ತೆರೆದ ಮ್ಯಾಟ್ರಿಕ್ಸ್ ಎಂಬ ಕೇಂದ್ರ ಅದನ್ನೇ ಪಾಠಪಟ್ಟಿಯನ್ನಾಗಿ ಮಾಡಿತು. ವಿಮಾ ಕಂಪನಿಗಳೂ 28 ದಿನಗಳ ಬಿಲ್ಲು ಕಟ್ಟಲು ಹಿಂದೇಟು ಹಾಕತೊಡಗಿದ್ದವು, ಅದನ್ನೂ ಹೇಳಬೇಕು. ವೈದ್ಯಕೀಯದಲ್ಲಿ ಒಳ್ಳೆಯ ಐಡಿಯಾಗಳು ಹಲವು ಸಲ ಲೆಕ್ಕಪತ್ರದ ವಿಭಾಗದಿಂದಲೂ ತಳ್ಳಿಸಿಕೊಂಡು ಬರುತ್ತವೆ.

ಹೀಗೆ ಬೆಳೆದದ್ದೇ ತೀವ್ರ ಹೊರರೋಗಿ ಚಿಕಿತ್ಸೆ. ತಿಂಗಳಿಗೊಮ್ಮೆ ಹೋಗಿ ಮಾತ್ರೆ ಬರೆಸಿಕೊಂಡು ಬರುವ ಓಪಿಡಿಗೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕದ ವ್ಯಸನವೈದ್ಯರ ಸಂಘದ ಮಾನದಂಡದಂತೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 9 ಗಂಟೆ. 20 ಗಂಟೆ ಮುಟ್ಟಿದರೆ ಅದು ಬೇರೆ ದರ್ಜೆಯ ಚಿಕಿತ್ಸೆ. ಸಾಮಾನ್ಯವಾಗಿ ವಾರಕ್ಕೆ ಮೂರು ದಿನ, ಒಂದೊಂದು ದಿನ ಮೂರು ತಾಸು, ಹಗಲು ಕೆಲಸ ಮಾಡುವವರಿಗೆ ಸಂಜೆ. ಮ್ಯಾಟ್ರಿಕ್ಸ್ ಕ್ರಮದಲ್ಲಿ ಇದು 16 ವಾರ ನಡೆಯುತ್ತದೆ: ಬಿಟ್ಟ ಹೊಸತರಲ್ಲಿ ಬೇಕಾದ ಕೌಶಲಗಳಿಗೆ 8 ಪಾಠ, ಮರುಬೀಳದಂತೆ ಕಾಯುವುದಕ್ಕೆ 32 ಪಾಠ, ಮನೆಯವರನ್ನೂ ಕೂರಿಸಿಕೊಂಡು 12 ಪಾಠ. ಜೊತೆಗೆ ಮೂತ್ರ ಪರೀಕ್ಷೆ. 32ಕ್ಕೆ ಎದುರಾಗಿ 8. ಬಿಡುವುದು ಸಣ್ಣ ಕೆಲಸ, ಬಿಟ್ಟೇ ಇರುವುದು ದೊಡ್ಡದು ಎಂಬ ತೀರ್ಮಾನ ಆ ಹಂಚಿಕೆಯಲ್ಲೇ ಇದೆ.

ಒಂದು ಪಾಠವನ್ನು ಹತ್ತಿರದಿಂದ ನೋಡೋಣ. ನಮ್ಮ ಅನುಕೂಲಕ್ಕೆ ರೋಗಿಯನ್ನು ಪೀಣ್ಯದ ಒಂದು ಕಾರ್ಖಾನೆಯ ಲೇತ್ ಆಪರೇಟರ್ ಎಂದು ಕಲ್ಪಿಸಿಕೊಳ್ಳೋಣ. ಶುಕ್ರವಾರ ಸಂಜೆ ಅವನ ಕೈಗೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಶನಿವಾರದ ಒಂದೊಂದು ಗಂಟೆಗೂ ಒಂದೊಂದು ಗೆರೆ. ಬೆಳಿಗ್ಗೆಯದನ್ನು ಅವನು ಚಕಚಕ ತುಂಬುತ್ತಾನೆ: ಏಳಕ್ಕೆ ತಿಂಡಿ, ಎಂಟಕ್ಕೆ ಶಿಫ್ಟ್. ಸಂಜೆ ಐದೂವರೆಯ ಗೆರೆಗೆ ಬಂದು ಪೆನ್ನು ನಿಲ್ಲುತ್ತದೆ. “ಮನೆಗೆ ಹೋಗ್ತೀನಿ” ಎಂದು ಬರೆಯುತ್ತಾನೆ. ಸಲಹೆಗಾರ್ತಿ ಬಿಡುವುದಿಲ್ಲ. ಯಾವ ಗೇಟಿನಿಂದ? ಮುಂದಿನ ಗೇಟಿನ ಎದುರಿಗೇ ಬಾರ್ ಇದೆಯಲ್ಲ? ಹಿಂದಿನ ಗೇಟಿನಿಂದ ಹೊರಟರೆ ಬಸ್‌ಸ್ಟಾಪಿಗೆ ಎಷ್ಟು ದೂರ? ಜೊತೆಗೆ ಯಾರು ಬರುತ್ತಾರೆ? ಆ ದಿನ ಜೇಬಿನಲ್ಲಿ ಎಷ್ಟು ದುಡ್ಡಿರುತ್ತದೆ? ಸಂಬಳ ಯಾರ ಖಾತೆಗೆ? ಮಧ್ಯಾಹ್ನದ ಊಟ ಸರಿಯಾಗಿ ಆಗಿರುತ್ತದೋ, ಹಸಿದಿರುತ್ತೀರೋ? ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಯಾವುದಾದರೂ ಎರಡು ಕೂಡಿದ ಹೊತ್ತು ಅಪಾಯದ ಹೊತ್ತು ಎಂದು ಗುಂಪಿನಲ್ಲಿ ಹಳಬನೊಬ್ಬ ಹೇಳುತ್ತಾನೆ, ಅವನು ಸೋತು ಕಲಿತವನು. ಕೊನೆಗೆ ಐದೂವರೆಯ ಗೆರೆಯಲ್ಲಿ ಹೀಗಿರುತ್ತದೆ: ಹಿಂದಿನ ಗೇಟು, ರಮೇಶನ ಬೈಕಿನ ಹಿಂದೆ, ನೇರ ಮಗಳ ಟ್ಯೂಷನ್ ಮನೆಗೆ, ಅವಳನ್ನು ಕರೆದುಕೊಂಡು ಮನೆಗೆ.

ನೋಡಲು ಇದು ಬಾಲಿಶ. ಮೊದಲು ಓದಿದಾಗ ನನಗೂ ಇದು ಮೂರನೇ ಕ್ಲಾಸಿನ ಮಕ್ಕಳಿಗೆ ಬರೆಸುವ ದಿನಚರಿಯಂತೆ ಕಂಡಿತು. ಆದರೆ ಮುನ್ಸೂಚನೆಯ ವಿಜ್ಞಾನ ಗೊತ್ತಿದ್ದರೆ ಈ ಹಾಳೆಯ ಜಾಣತನ ತಿಳಿಯುತ್ತದೆ. ಪೆನ್ಸಿಲ್ವೇನಿಯಾದ ಆನಾ ರೋಸ್ ಚೈಲ್ಡ್ರೆಸ್ ತಂಡ 2008ರಲ್ಲಿ ಕೊಕೇನ್ ರೋಗಿಗಳಿಗೆ ಮದ್ದಿನ ಚಿತ್ರಗಳನ್ನು 33 ಮಿಲಿಸೆಕೆಂಡು ಮಾತ್ರ, ಅಂದರೆ ಕಂಡೆನೆಂದು ಅರಿವಾಗದಷ್ಟು ಹೊತ್ತು ತೋರಿಸಿತು. ಅಷ್ಟಕ್ಕೇ ಮಿದುಳಿನ ಬಯಕೆಯ ಭಾಗಗಳು ಎಚ್ಚೆತ್ತವು. ಬಾರಿನ ಬೋರ್ಡನ್ನು ಮನಸ್ಸು ಓದುವ ಮುನ್ನವೇ ಮಿದುಳು ಓದಿರುತ್ತದೆ. ಆ ಕ್ಷಣದಲ್ಲಿ ಗಟ್ಟಿ ಮನಸ್ಸು ಮಾಡು ಎಂದು ಹೇಳುವುದು ತಡವಾದ ಸಲಹೆ. ಗೇಟು ಬದಲಾಯಿಸುವುದು ಹಿಂದಿನ ದಿನವೇ, ಮನಸ್ಸು ಶಾಂತವಿದ್ದಾಗ ಮಾಡಬಹುದಾದ ಕೆಲಸ.

ಹೊರರೋಗಿ ಪದ್ಧತಿಯ ನಿಜವಾದ ಬಲ ಮಾತ್ರ ಇರುವುದು ಜಾರುವುದರಲ್ಲಿ. ಒಳರೋಗಿ ಜಾರುವುದಿಲ್ಲ, ಜಾರಲು ಅಲ್ಲಿ ಏನೂ ಇಲ್ಲ. ಲೇತ್ ಆಪರೇಟರ್ ಮೂರನೇ ಶನಿವಾರ ಜಾರುತ್ತಾನೆ, ಒಂದು ನೈಂಟಿ ಹಾಕಿಬಿಡುತ್ತಾನೆ. ವಾಷಿಂಗ್‌ಟನ್ ವಿಶ್ವವಿದ್ಯಾಲಯದ ಅಲನ್ ಮಾರ್ಲಾಟ್ ಎಂಬತ್ತರ ದಶಕದಲ್ಲಿ ತೋರಿಸಿಕೊಟ್ಟಂತೆ, ಹೆಚ್ಚು ಹಾಳುಮಾಡುವುದು ಆ ನೈಂಟಿಗಿಂತ ಅದರ ಬೆನ್ನಿಗೆ ಬರುವ ವಿಚಾರ: ‘ಹೇಗೂ ಕೆಟ್ಟೆ, ಇನ್ನು ಪೂರ್ತಿ ಕೆಟ್ಟರೇನು.’ ಪ್ರತಿಜ್ಞೆ ಎಷ್ಟು ದೊಡ್ಡದಿತ್ತೋ ನಾಚಿಕೆ ಅಷ್ಟು ದೊಡ್ಡದು. ನಾಚಿಕೆಗೆ ಗೊತ್ತಿರುವ ಮದ್ದು ಒಂದೇ. ದೇವರ ಮುಂದೆ ಆಣೆ ಮಾಡಿ ಬಿಟ್ಟವರು ಒಂದು ತಪ್ಪಿನ ನಂತರ ಮೊದಲಿಗಿಂತ ಜೋರಾಗಿ ಕುಡಿಯುವುದನ್ನು ನಮ್ಮ ಹಳ್ಳಿಗಳಲ್ಲಿ ಯಾರು ನೋಡಿಲ್ಲ? ಆದರೆ ನಮ್ಮ ಲೇತ್ ಆಪರೇಟರ್ ಸೋಮವಾರ ಸಂಜೆ ಮತ್ತೆ ಗುಂಪಿನಲ್ಲಿ ಕೂರಬೇಕು. ಮೂತ್ರ ಪರೀಕ್ಷೆಯಿದೆ, ಮುಚ್ಚಿಡುವ ಪ್ರಶ್ನೆಯಿಲ್ಲ. ಬೈಗುಳವೂ ಇಲ್ಲ. ಎಲ್ಲಿ ತಪ್ಪಿತು? ರಮೇಶ ಅವತ್ತು ರಜೆಯಲ್ಲಿದ್ದ. ಸರಿ, ರಮೇಶ ಇಲ್ಲದ ಶನಿವಾರಕ್ಕೆ ಏನು? ತಪ್ಪು ಬಿಸಿಯಿರುವಾಗಲೇ, ತಪ್ಪು ನಡೆದ ದಾರಿಯಲ್ಲೇ ಪಾಠ ನಡೆಯುತ್ತದೆ. ಬೌಟನ್‌ನ ಇಲಿಗೆ ಮೊದಲ ಪೆಟ್ಟಿಗೆಯಲ್ಲೇ ಹೊಸ ಪಾಠ ಸಿಕ್ಕಂತಾಯಿತು.

ಒಂದೂವರೆ ತಿಂಗಳ ಆಸುಪಾಸಿನಲ್ಲಿ ಇನ್ನೊಂದು ಗಂಡಾಂತರ ಬರುತ್ತದೆ. ಮೊದಲ ಎರಡು ವಾರ ಒದ್ದಾಟ, ಆಮೇಲೆ ಒಂದು ತಿಂಗಳು ಹನಿಮೂನ್ ಎಂದು ಮ್ಯಾಟ್ರಿಕ್ಸ್‌ನವರು ಕರೆಯುವ ಹುಮ್ಮಸ್ಸು, ಅನಂತರ ಸುಮಾರು 45ನೇ ದಿನದಿಂದ 120ನೇ ದಿನದವರೆಗೆ ಅವರು ‘ಗೋಡೆ’ ಎನ್ನುವ ಕಾಲ. ಏನೂ ರುಚಿಸುವುದಿಲ್ಲ. ಊಟ ಸಪ್ಪೆ, ಸಿನಿಮಾ ಸಪ್ಪೆ, ಹೆಂಡತಿ ಮಕ್ಕಳು ಹತ್ತಿರವಿದ್ದರೂ ಸಪ್ಪೆ. “ಕುಡೀತಿದ್ದಾಗ್ಲೇ ಚೆನ್ನಾಗಿದ್ದೆ” ಎಂಬ ಮಾತು ಮನೆಯವರಿಗೆ ಕೃತಘ್ನತೆಯಂತೆ ಕೇಳಿಸುತ್ತದೆ. ನೋರಾ ವೋಲ್ಕೋ ಅವರ ತಂಡ ಮೆಥಾಂಫೆಟಮಿನ್ ಎಂಬ ಉತ್ತೇಜಕ ಮದ್ದು ಬಿಟ್ಟವರ ಮಿದುಳನ್ನು ಸ್ಕ್ಯಾನ್ ಮಾಡಿ 2001ರಲ್ಲಿ ತೋರಿಸಿದ ಪ್ರಕಾರ, ಹಿತದ ಅನುಭವಕ್ಕೆ ಸಂಬಂಧಿಸಿದ ಡೋಪಮಿನ್ ವಾಹಕಗಳು ಚೇತರಿಸಿಕೊಳ್ಳಲು 12ರಿಂದ 17 ತಿಂಗಳು ಬೇಕಾದವು. 28 ದಿನಗಳ ಚಿಕಿತ್ಸೆ ರೋಗಿಯನ್ನು ಕಳಿಸಿಕೊಡುವುದು ಹನಿಮೂನಿನ ನಟ್ಟನಡುವೆ. ಎಲ್ಲರೂ ಫೋಟೊ ತೆಗೆಸಿಕೊಂಡು ಸಂತೋಷದಿಂದ ಬೀಳ್ಕೊಡುತ್ತಾರೆ. ಗೋಡೆಗೆ ಅವನು ಒಬ್ಬನೇ ಡಿಕ್ಕಿ ಹೊಡೆಯುತ್ತಾನೆ. 16 ವಾರಗಳ ಪಾಠಪಟ್ಟಿ ಆ ಗೋಡೆಯ ಬಹುಪಾಲನ್ನು ದಾಟಿಸುತ್ತದೆ.

ಆ ಸಪ್ಪೆ ಕಾಲಕ್ಕೆ ಒಗ್ಗರಣೆ ಹಾಕುವ ಉಪಾಯವೊಂದನ್ನು ನ್ಯಾನ್ಸಿ ಪೆಟ್ರಿ ಎಂಬ ಮನಶ್ಶಾಸ್ತ್ರಜ್ಞೆ ಬೆಳೆಸಿದರು. ಮೂತ್ರ ಪರೀಕ್ಷೆ ಶುದ್ಧವಾಗಿ ಬಂದರೆ ಮೀನು ಸಾಕುವ ಗಾಜಿನ ಬೋಗುಣಿಯಿಂದ ಚೀಟಿ ಎತ್ತಬಹುದು. 500 ಚೀಟಿಗಳಲ್ಲಿ ಅರ್ಧದಲ್ಲಿ ‘ಭೇಷ್’ ಎಂದಷ್ಟೇ ಇರುತ್ತದೆ, ಉಳಿದವುಗಳಲ್ಲಿ ಬಹಳಷ್ಟಕ್ಕೆ ಪುಟ್ಟ ಬಹುಮಾನ, ಒಂದೇ ಒಂದಕ್ಕೆ 100 ಡಾಲರಿನ ಬಹುಮಾನ. ದೊಡ್ಡವರು ಚೀಟಿಯಾಟಕ್ಕೆ ಮದ್ದು ಬಿಡುತ್ತಾರೆಯೇ ಎಂದು ನಗಬಹುದು. ಆದರೆ ಉತ್ತೇಜಕ ಮದ್ದುಗಳ ಚಟಕ್ಕೆ ಇಲ್ಲಿಯವರೆಗೆ ಸಿಕ್ಕಿರುವ ಉಪಾಯಗಳಲ್ಲಿ ಪ್ರಯೋಗಗಳ ಬೆಂಬಲ ಅತಿ ಹೆಚ್ಚು ಇರುವುದು ಈ ಬಗೆಯ ಬಹುಮಾನಕ್ಕೇ. ಕೆಲವು ಕಡೆ ಇದನ್ನು ‘ಲಂಚ’ ಎಂದು ಜರೆದು ಕೈಬಿಟ್ಟಿದ್ದಾರೆ. ವಿಜ್ಞಾನ ಗೆದ್ದರೂ ನೀತಿಯ ಅಹಂ ಒಪ್ಪಲಿಲ್ಲ ಎನ್ನಬೇಕು.

ಫಲಿತಾಂಶ ಹೇಗಿದೆ? ಪವಾಡವೇನಿಲ್ಲ. ತೀವ್ರ ಹೊರರೋಗಿ ಚಿಕಿತ್ಸೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2014ರ ವಿಮರ್ಶೆ, ಹೆಚ್ಚಿನ ರೋಗಿಗಳ ಮಟ್ಟಿಗೆ ಇದರ ಫಲ ಆಸ್ಪತ್ರೆಯಲ್ಲಿಟ್ಟು ಕೊಡುವ ಚಿಕಿತ್ಸೆಗೆ ಸಮ ಎಂದಿತು. ಸಮ, ಅಷ್ಟೇ; ಮೇಲಲ್ಲ. ಮ್ಯಾಟ್ರಿಕ್ಸ್ ಕ್ರಮವನ್ನೇ 978 ಮೆಥಾಂಫೆಟಮಿನ್ ರೋಗಿಗಳಲ್ಲಿ ಮಾಮೂಲಿ ಚಿಕಿತ್ಸೆಯೊಂದಿಗೆ ಹೋಲಿಸಿದ 2004ರ ದೊಡ್ಡ ಪರೀಕ್ಷೆಯಲ್ಲಿ, ಚಿಕಿತ್ಸೆ ನಡೆಯುವಷ್ಟು ಕಾಲ ಮ್ಯಾಟ್ರಿಕ್ಸ್‌ನವರು ಮುಂದಿದ್ದರು, ಆರು ತಿಂಗಳ ಹೊತ್ತಿಗೆ ಎರಡೂ ಗುಂಪು ಒಂದೇ ಆದವು. ಚಿಕಿತ್ಸೆ ನಿಂತ ಮೇಲೆ ಅದರ ಅನುಕೂಲವೂ ನಿಲ್ಲುತ್ತದೆ ಎಂದರೆ ಅದು ಸೋಲೇ? ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿದರೆ ಸಕ್ಕರೆ ಏರುತ್ತದೆ, ಯಾರೂ ಮಾತ್ರೆಯನ್ನು ಬೈಯುವುದಿಲ್ಲ.

ಇಲ್ಲಿಗೆ ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಬರೆಯಬೇಕಾಗುತ್ತದೆ. ಮೇಲೆ ಹೇಳಿದ್ದನ್ನು ಓದಿ ದಿನವೂ ಬೆಳಿಗ್ಗೆಯಿಂದ ಕುಡಿಯುವ ವ್ಯಕ್ತಿಯನ್ನು ಮನೆಯಲ್ಲೇ ಕೂರಿಸಿ ಒಮ್ಮೆಗೇ ನಿಲ್ಲಿಸಿಬಿಡಬಾರದು. ಮದ್ಯ ವರ್ಷಗಟ್ಟಲೆ ಮಿದುಳಿನ ಬ್ರೇಕನ್ನು ಒತ್ತಿ ಹಿಡಿದಿರುತ್ತದೆ, ಮಿದುಳು ಅದನ್ನು ಮೀರಲು ವೇಗವನ್ನು ಏರಿಸಿಕೊಂಡಿರುತ್ತದೆ. ಮದ್ಯ ತಟ್ಟನೆ ನಿಂತರೆ ಉಳಿಯುವುದು ವೇಗ ಮಾತ್ರ. ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು; ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು; ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ ಹುಳುಗಳು ಗೋಡೆಯ ಮೇಲೆ ಹರಿದಾಡುತ್ತವೆ, ಮನೆಯವರ ಗುರುತು ಸಿಗುವುದಿಲ್ಲ, ಜ್ವರ ಏರುತ್ತದೆ. ‘ದೆವ್ವ ಮೆಟ್ಟಿದೆ’ ಎಂದು ಮನೆಯವರು ಮಂತ್ರವಾದಿಯ ಬಳಿ ಒಯ್ಯುವುದು ಈ ಘಟ್ಟದಲ್ಲೇ. ಡಿಲೀರಿಯಂ ಟ್ರೆಮೆನ್ಸ್ ಎಂಬ ಈ ಸ್ಥಿತಿಗೆ ಆಸ್ಪತ್ರೆ ಬೇಕೇ ಬೇಕು. ಡಯಾಜೆಪಾಮ್ ಜಾತಿಯ ಮದ್ದು ಬೇಕು, ಥಯಾಮಿನ್ ಎಂಬ ಬಿ1 ವಿಟಮಿನ್ ಇಂಜೆಕ್ಷನ್ ಬೇಕು. ಹಿಂದೆ ಫಿಟ್ಸ್ ಬಂದವರು, ಆತ್ಮಹತ್ಯೆಯ ಮಾತಾಡುವವರು, ಮನೆಯೆಂಬ ನೆಲೆಯೇ ಇಲ್ಲದವರು ಮೊದಲು ಆಸ್ಪತ್ರೆಯ ಹಾಸಿಗೆಗೆ ಸೇರಬೇಕಾದವರೇ. ಹಾಸಿಗೆಯ ಕೆಲಸ ದೇಹವನ್ನು ಆ ವಾರ ದಾಟಿಸುವುದು. ಅದನ್ನೇ ಇಡೀ ಚಿಕಿತ್ಸೆ ಎಂದುಕೊಂಡಾಗ ತೊಂದರೆ.

ಇನ್ನೊಂದು ಪದ್ಧತಿಯನ್ನೂ ಇಲ್ಲಿ ಹೇಳಿಬಿಡುತ್ತೇನೆ. ‘ರೋಗಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಎಂಬ ಜಾಹೀರಾತನ್ನು ನೀವು ಬಸ್ಸಿನ ಕಿಟಕಿಯಲ್ಲಿ, ಪತ್ರಿಕೆಯ ಮೂಲೆಯಲ್ಲಿ ನೋಡಿರುತ್ತೀರಿ. ಹುಳಿಯಲ್ಲೋ ಕಾಫಿಯಲ್ಲೋ ಪುಡಿ ಬೆರೆಸಿಕೊಡುವುದು. ಆ ಪುಡಿ ಡೈಸಲ್ಫಿರಾಮ್ ಆಗಿದ್ದರೆ, ಮದ್ಯ ಒಳಗೆ ಹೋದಾಗ ಅದು ಪೂರ್ತಿ ಕರಗದೆ ಅಸಿಟಾಲ್ಡಿಹೈಡ್ ಎಂಬ ವಿಷದ ಹಂತದಲ್ಲೇ ಸಿಕ್ಕಿಬೀಳುತ್ತದೆ: ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ತಿಳಿದು, ಒಪ್ಪಿ, ಹೆಂಡತಿಯ ಎದುರಿಗೆ ದಿನವೂ ನುಂಗುವವನಿಗೆ ಇದು ಒಳ್ಳೆಯ ಕಾವಲು. ತಿಳಿಯದೆ ಸಂಜೆ ಒಂದು ಕ್ವಾರ್ಟರ್ ಏರಿಸುವವನಿಗೆ ಇದು ಪ್ರಾಣಕ್ಕೆ ಸಂಚಕಾರ. ಗುಟ್ಟು ಬಯಲಾದ ಮೇಲೆ ಆ ಮನೆಯಲ್ಲಿ ಅವನು ಯಾರ ಕೈಯ ಊಟ ನಂಬಿ ಉಂಡಾನು? ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಬೇರೆ ಮಾತ್ರೆಗಳಿವೆ, ತುಡಿತವನ್ನು ತಗ್ಗಿಸುತ್ತವೆ, ವೈದ್ಯರು ಬರೆದುಕೊಡುತ್ತಾರೆ.

ಹೆರಾಯಿನ್ ಜಾತಿಯ ಮದ್ದುಗಳ ವಿಷಯದಲ್ಲಂತೂ ಮಾತುಕತೆಗಿಂತ ಮಾತ್ರೆಯೇ ಮುಖ್ಯ. ಪಂಜಾಬ್ ಸರ್ಕಾರ 2017ರ ಅಕ್ಟೋಬರಿನಲ್ಲಿ ಇದಕ್ಕೆಂದೇ ಹೊರರೋಗಿ ಕ್ಲಿನಿಕ್‌ಗಳನ್ನು ಶುರು ಮಾಡಿತು. ರೋಗಿ ಬರುತ್ತಿದ್ದ, ನರ್ಸ್ ಎದುರಿಗೆ ತುಡಿತ ತಣಿಸುವ ಬುಪ್ರೆನಾರ್ಫಿನ್-ನಾಲಾಕ್ಸೋನ್ ಮಾತ್ರೆಯನ್ನು ನಾಲಗೆಯ ಕೆಳಗಿಟ್ಟುಕೊಂಡು ಕರಗಿಸುತ್ತಿದ್ದ, ಹೊಲಕ್ಕೋ ಟ್ರಕ್ಕಿಗೋ ಹೋಗುತ್ತಿದ್ದ. ಕೊರೋನಾ ಬಂದಾಗ ದಿನವೂ ಬರಬೇಕೆಂಬ ನಿಯಮ ಸಡಿಲಿಸಿ ಮನೆಗೆ ಒಯ್ಯಲು ಮಾತ್ರೆ ಕೊಡತೊಡಗಿದರು. ಒಂದು ಚಟದ ಬದಲು ಇನ್ನೊಂದು ಎಂಬ ಟೀಕೆ ಅಲ್ಲೂ ಇದೆ. ಟೀಕಿಸುವವರು ವಾಷಿಂಗ್‌ಟನ್‌ನ 129 ಎಂಬ ಅಂಕಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಕರ್ನಾಟಕಕ್ಕೆ ಬಂದರೆ, ಧರ್ಮಸ್ಥಳದ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳು ಎಂಟು ದಿನದವು, ಆದರೆ ಅವುಗಳಲ್ಲಿ ನನಗೆ ಮುಖ್ಯವೆನಿಸುವುದು ಆ ಎಂಟು ದಿನಗಳಲ್ಲ. ಶಿಬಿರ ನಡೆಯುವುದು ಕುಡಿಯುವವನ ಸೀಮೆಯಲ್ಲೇ, ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ; ಮನೆಯವರು ಬಂದು ಕೂರುತ್ತಾರೆ; ಮುಗಿದ ಮೇಲೆ ಬಿಟ್ಟವರೆಲ್ಲ ಸೇರಿ ನವಜೀವನ ಸಮಿತಿ ಎಂದು ಊರಿನಲ್ಲೇ ಸಭೆ ಸೇರುತ್ತಾರೆ. ಭಜನೆ, ಪ್ರತಿಜ್ಞೆಗಳ ಬಗ್ಗೆ ವಿಜ್ಞಾನಕ್ಕೆ ತಕರಾರು ಇರಬಹುದು. ಅದೇ ಊರು, ಅದೇ ದಾರಿ, ಆದರೆ ಹೊಸ ಜೊತೆ ಎಂಬ ಲೆಕ್ಕಾಚಾರದ ಬಗ್ಗೆ ತಕರಾರು ಕಷ್ಟ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ. ದೇಶದ ತುದಿಗಳಿಂದ ಜನ ಬರುತ್ತಾರೆ.

ಬರಲಾಗದವರ ಲೆಕ್ಕ ಬೇರೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿದ್ದು 180 ಜನರಲ್ಲಿ ಒಬ್ಬರಿಗೆ. ಹಾಸಿಗೆ ಹೆಚ್ಚಿಸಿ ಈ ಅಂತರ ತುಂಬುವ ಮಾತು ನಡೆಯುವಂಥದ್ದಲ್ಲ. ಹಾಗೆಂದು ಲಾಸ್ ಏಂಜಲೀಸ್‌ನ ವಾರಕ್ಕೆ ಒಂಬತ್ತು ಗಂಟೆಯೂ ಇಲ್ಲಿ ಸುಲಭಕ್ಕೆ ಇಳಿಯುವುದಿಲ್ಲ. ದೇವದುರ್ಗದ ಕೂಲಿಯವನು ವಾರಕ್ಕೆ ಮೂರು ಸಂಜೆ ರಾಯಚೂರಿಗೆ ಬಸ್ಸಿನಲ್ಲಿ ಬರುವುದಾದರೆ ಕೂಲಿಯೂ ಹೋಯಿತು, ಕೊನೆಯ ಬಸ್ಸೂ ಹೋಯಿತು. ಕುಡಿಯುವ ಹೆಂಗಸಾದರೆ ಗುಂಪಿನಲ್ಲಿ ಕೂರುವುದು ಹಾಗಿರಲಿ, ಆಸ್ಪತ್ರೆಯ ಆ ಬಾಗಿಲಿನ ಮುಂದೆ ಯಾರಾದರೂ ಕಂಡರೆ ಊರು ಬಿಡಬೇಕು. ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಯೋಜನೆಯಡಿ ಮನೋವೈದ್ಯರು ಬಂದು ಕೂರುವುದು ಮಂಗಳವಾರ.

ಉಳಿದ ದಿನಗಳಲ್ಲಿ ಯಾರು ಕೂರಬಹುದು ಎಂಬುದಕ್ಕೆ ನೆರೆಯ ಗೋವಾದಲ್ಲಿ ಒಂದು ಉತ್ತರ ಸಿಕ್ಕಿದೆ. ಅಲ್ಲಿನ ಸಂಗಾತ್ ಸಂಸ್ಥೆಯ ಅಭಿಜಿತ್ ನಾಡಕರ್ಣಿ, ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಮನಶ್ಶಾಸ್ತ್ರದ ಪದವಿಯಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಕೂರಿಸಿದರು. ಹಾನಿಕರವಾಗಿ ಕುಡಿಯುವ 377 ಗಂಡಸರಲ್ಲಿ ಅರ್ಧದಷ್ಟು ಜನಕ್ಕೆ ಒಂದರಿಂದ ನಾಲ್ಕು ಭೇಟಿಗಳ ಆಪ್ತಸಲಹೆ, ಉಳಿದವರಿಗೆ ಮಾಮೂಲಿ ಆರೈಕೆ. ಒಂದು ವರ್ಷದ ನಂತರ ಸಲಹೆ ಪಡೆದವರಲ್ಲಿ ಶೇಕಡಾ 54ರಷ್ಟು ಜನ ಹಾನಿಯ ಮಟ್ಟದಿಂದ ಕೆಳಗಿಳಿದಿದ್ದರು, ಇನ್ನೊಂದು ಗುಂಪಿನಲ್ಲಿ ಶೇಕಡಾ 32. ಇವರೆಲ್ಲ ತೀವ್ರ ಅವಲಂಬನೆಯ ರೋಗಿಗಳಲ್ಲ, ಅದು ನೆನಪಿರಬೇಕು. ಮತ್ತೂ ಕುಡಿಯುತ್ತಲೇ ಇದ್ದವರ ಕುಡಿತದ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ ಇತ್ತು ಎಂಬುದನ್ನೂ ಸಂಶೋಧಕರು ಮುಚ್ಚಿಡದೆ ಬರೆದಿದ್ದಾರೆ. ಅಂಥವರಿಗೆ ನಾಲ್ಕು ಭೇಟಿ ಸಾಲದು, ಹದಿನಾರು ವಾರ ಬೇಕು. ಆ ಹದಿನಾರು ವಾರಗಳನ್ನು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಜಗಲಿಯ ಮೇಲೆ, ಅದೇ ಊರಿನವರ ಕೈಯಲ್ಲಿ ನಡೆಸಬಹುದೇ ಎಂಬುದು ಇನ್ನು ಮುಂದಿನ ಪ್ರಯೋಗ.